ಪುಕ್ಕಲಿ ಅಕ್ಕೋರ ಹವಾಮಾನ ಪಾಠ

ಹೋದ ತಿಂಗಳು ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ತಂಗಿಯ ಊರಿನ ಬಸ್ಸಿಗೆ ಕಾಯುತ್ತ ಕೂತಿದ್ದೆ. ಸಂತೆಯ ದಿನ. ಯಾರೋ ಮೆಕ್ಕೆಜೋಳದ ಗೋಣಿಚೀಲಗಳನ್ನು ತಗಡಿನ ಮಾಡಿನ ಕೆಳಗೆ ಪೇರಿಸಿಟ್ಟಿದ್ದರು. ಸಣ್ಣದೊಂದು ಮಳೆ ಬಂದು ಹೋಗಿ ಚೀಲಗಳ ಒಂದು ಮಗ್ಗುಲು ನೆನೆದಿತ್ತು. ಆ ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗೈ ತಾನಾಗಿ ಪಕ್ಕದಲ್ಲಿ ಏನನ್ನೋ ತಡಕಾಡತೊಡಗಿತು.

"ಯಾಕ್ರೀ, ಪರ್ಸ್ ಕಳಕಂಡ್ರಾ?" ಎಂದು ಪಕ್ಕದಲ್ಲಿದ್ದ ಹೆಂಗಸು ಗಾಬರಿಯಿಂದ ಬೆಂಚಿನ ಕೆಳಗೆ ಬಗ್ಗಿದಳು.

ಪರ್ಸ್ ಅಲ್ಲ ತಾಯಿ, ಒಂದು ಹುಡುಗಿಯ ಕೈ ಎಂದು ಅವಳಿಗೆ ಹೇಗೆ ಹೇಳಲಿ? ಸುಮ್ಮನೆ ನಕ್ಕೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷ, ಆಗಸ್ಟ್‌ನಿಂದ ಅಕ್ಟೋಬರ್ ಕೊನೆಯ ಸ್ವಾತಿ ಮಳೆಯವರೆಗೆ, ನಾನು ಆ ಕೈಯನ್ನು ಹಿಡಿದುಕೊಂಡೇ ಪಾಠ ಮಾಡಿದವಳು. ನಿವೃತ್ತಿಯಾಗಿ ಇಷ್ಟು ದಿನವಾದರೂ ಒದ್ದೆ ಗೋಣಿ ಮೂಸಿದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪುಕ್ಕಲಿ. ಹಾವಿಗೆ ಹೆದರುವುದಿಲ್ಲ, ಕತ್ತಲೆಗೆ ಹೆದರುವುದಿಲ್ಲ, ತಪಾಸಣೆಗೆ ಬರುವ ಸಾಹೇಬರಿಗಂತೂ ಮೊದಲೇ ಇಲ್ಲ. ಗುಡುಗಿಗೆ ಮಾತ್ರ ಹೆದರುತ್ತೇನೆ. ಇದಕ್ಕೊಂದು ಕಾರಣವಾದರೂ ಇರಬೇಕಲ್ಲ, ಅದೂ ಇಲ್ಲ. ಶಿಕಾರಿಪುರದ ನಮ್ಮ ಮನೆಯ ಮೇಲೆ ಸಿಡಿಲು ಬಿದ್ದದ್ದಿಲ್ಲ, ಕಣ್ಣೆದುರು ಯಾರಿಗೂ ಏನೂ ಆದದ್ದಿಲ್ಲ. ಹುಟ್ಟುತ್ತಲೇ ಬಂದ ಹೆದರಿಕೆ. ದೂರದಲ್ಲಿ ಗುಡುಗಿದರೆ ನಾಲಿಗೆ ಒಣಗುತ್ತದೆ; ಹತ್ತಿರ ಗುಡುಗಿದರೆ ಕೈಕಾಲು ಎಲ್ಲಿವೆ ಎಂಬುದೇ ತಿಳಿಯುವುದಿಲ್ಲ. ಇಂಥವಳಿಗೆ ಸರ್ಕಾರ ಹುಡುಕಿ ಹುಡುಕಿ ಸೊರಬ ತಾಲ್ಲೂಕಿನಲ್ಲಿ, ಕುಬಟೂರಿನಿಂದ ಆಚೆಗಿನ ಒಂದು ಹಳ್ಳಿಗೆ ವರ್ಗ ಮಾಡಿತು. ಶಾಲೆ ಊರ ಹೊರಗೆ, ದಿಬ್ಬದ ಮೇಲೆ. ಹಂಚಿನ ಎರಡು ಕೋಣೆ, ಮುಂದೆ ಬಟಾಬಯಲು, ಬಯಲಿನ ಆ ತುದಿಗೆ ಒಂಟಿ ಮಾವಿನಮರ. ಮೊದಲ ದಿನ ಆ ಮರವನ್ನು ನೋಡಿಯೇ ನನಗೆ ಬೆವರಿತು.

ಶಿರಾಳಕೊಪ್ಪದಲ್ಲಿ ಬಾಡಿಗೆಗೆ ಕೋಣೆ ಹಿಡಿದು ಓಡಾಡುತ್ತಿದ್ದೆ. ಮನೆಯ ಯಜಮಾನಿ ಜೈತೂನ್‌ಬಿ, ಟೈಲರ್ ಒಬ್ಬರ ಹೆಂಡತಿ, ಮೊದಲ ವಾರದಲ್ಲೇ ನನ್ನ ರೋಗ ಕಂಡುಹಿಡಿದಳು. ಸಂಜೆ ಗುಡುಗಿತೆಂದರೆ ಗೋಡೆಯಾಚೆಯಿಂದಲೇ ಕೂಗುತ್ತಿದ್ದಳು: "ಬನ್ರೀ ಟೀಚರಮ್ಮ, ಒಳಗೆ ಬನ್ನಿ. ಬೆಳ್ಳುಳ್ಳಿ ಐತೆ, ಸುಲೀರಿ." ಅವಳ ಒಲೆಯ ಮುಂದೆ ಕೂತು ಆ ಮಳೆಗಾಲದಲ್ಲಿ ನಾನು ಸುಲಿದ ಬೆಳ್ಳುಳ್ಳಿ ಅಷ್ಟಿಷ್ಟಲ್ಲ. ಕೈಗೆ ಕೆಲಸವಿದ್ದರೆ ನಡುಕ ಕಾಣುವುದಿಲ್ಲ ಎಂಬುದನ್ನು ಹೇಳಿಕೊಟ್ಟವಳು ಅವಳೇ.

ಶಾಲೆಯಲ್ಲಿ ನಾವಿಬ್ಬರೇ. ಹೆಡ್ ಮೇಷ್ಟ್ರು ಬಸಪ್ಪನವರು ಮತ್ತು ನಾನು. ಆ ವರ್ಷ ಸೊರಬದಲ್ಲಿ ನಮಗೊಂದು ತರಬೇತಿ ಆಯಿತು. ಮಕ್ಕಳಿಗೆ ಹವಾಮಾನವನ್ನು ಪುಸ್ತಕದಿಂದ ಹೇಳಬೇಡಿ, ಆಕಾಶ ನೋಡಿ ಹೇಳಲು ಕಲಿಸಿ ಎಂದರು. ಬಸಪ್ಪ ಮೇಷ್ಟ್ರು ವಾಪಸು ಬರುವಾಗ ಬಸ್ಸಿನಲ್ಲಿ, "ಆಕಾಶ ನೋಡೋದು ನಿಮಗೆ ಯಾರೂ ಹೇಳ್ಕೊಡೋದು ಬ್ಯಾಡ ಬಿಡ್ರೀ ಮೇಡಂ, ಮಧ್ಯಾಹ್ನ ಆದ್ರೆ ನಿಮ್ಮ ಕಣ್ಣು ಮ್ಯಾಲೇ ಇರ್ತತಿ" ಎಂದು ಕಿಚಾಯಿಸಿದರು. ಮಾತು ನಿಜವೇ. ಮೋಡಕ್ಕೆ ಹೆದರುವವಳಷ್ಟು ಮೋಡವನ್ನು ಬೇರೆ ಯಾರು ನೋಡುತ್ತಾರೆ?

ಹಳೆಯ ರಟ್ಟಿನ ಡಬ್ಬಗಳನ್ನು ಕತ್ತರಿಸಿ ಚಿತ್ರ ಬರೆದೆ. ಬಿಸಿಲು, ಮೋಡ, ಗಾಳಿ, ಮಳೆ, ಮಂಜು. ಆರನೆಯದು ಗುಡುಗು-ಮಿಂಚು. ಗೋಡೆಗೊಂದು ಮೊಳೆ. ದಿನಕ್ಕೊಬ್ಬರು ಹವಾಮಾನ ಮಂತ್ರಿ. ಪ್ರಾರ್ಥನೆ ಮುಗಿದ ಮೇಲೆ ಮಂತ್ರಿಗಳು ಬಯಲಿಗೆ ಹೋಗಿ, ಸೊಂಟಕ್ಕೆ ಕೈ ಕೊಟ್ಟು ನಾಲ್ಕೂ ದಿಕ್ಕು ನೋಡಿ, ಬೆರಳು ನೆಕ್ಕಿ ಗಾಳಿ ಯಾವ ಕಡೆಯದೆಂದು ಹಿಡಿದು, ಒಳಗೆ ಬಂದು ತಕ್ಕ ರಟ್ಟನ್ನು ಮೊಳೆಗೆ ನೇತುಹಾಕಿ, ರೇಡಿಯೊದವರ ಹಾಗೆ ಗಂಟಲು ಸರಿಮಾಡಿಕೊಂಡು ವರದಿ ಒಪ್ಪಿಸಬೇಕು. ಮಕ್ಕಳಿಗೆ ಹುಚ್ಚು ಹಿಡಿದಂತಾಯಿತು. ಮಂತ್ರಿಯಾಗುವ ದಿನ ತಲೆಗೆ ಎಣ್ಣೆ ಸುರಿದುಕೊಂಡು ಬರುತ್ತಿದ್ದರು.

ಜುಲೈ ಹೊತ್ತಿಗೆ ಆಟ ಕೆಟ್ಟಿತು. ಮಳೆಯ ರಟ್ಟು ಮೊಳೆಯಿಂದ ಇಳಿಯಲೇ ಇಲ್ಲ. ಒಬ್ಬ ಮಂತ್ರಿ ಅಳುತ್ತ ಬಂದ: "ನನ್ನ ಪಾಳಿ ಬಂದಾಗ್ಲೂ ಮಳೀನೇ ಅಕ್ಕೋರೆ!" ಎಲ್ಲ ಮಳೆಯನ್ನೂ ಒಂದೇ ರಟ್ಟಿನಲ್ಲಿ ಮುಗಿಸಿದ್ದು ನನ್ನ ಪೇಟೆ ಬುದ್ಧಿ. ಮಕ್ಕಳೇ ಹೇಳಿಕೊಟ್ಟರು. ಕಣ್ಣಿಗೆ ಕಾಣದೆ ಅಂಗಿ ನೆನೆಸುವುದು ಸೋನೆ. ದಿನವಿಡೀ ಬಿಡದೆ ಹೊಡೆಯುವುದು ಜಡಿ. ಹಂಚಿನ ಮೇಲೆ ಕಲ್ಲು ಸುರಿದ ಹಾಗೆ ಬಂದು ಹೋಗುವುದು ಇನ್ನೊಂದು. ಮಳೆಗೇ ಮೂರು ರಟ್ಟು ಮಾಡಿದೆವು, ಮತ್ತೆ ಮಂತ್ರಿಗಳ ಮುಖ ಅರಳಿತು.

ಆದರೆ ಒಂದು ಹುಡುಗಿ ಮಾತ್ರ ಬರುತ್ತಲೇ ಇರಲಿಲ್ಲ. ಮೂರನೆಯ ಕ್ಲಾಸಿನ ಪಾರ್ವತಿ, ಎಲ್ಲರ ಬಾಯಲ್ಲಿ ಪಾರಿ. ಬಿಸಿಲಿದ್ದ ದಿನ ಬರುವಳು, ಮೋಡ ಕಂಡ ದಿನ ಇಲ್ಲ. ಸೊರಬದ ಕಡೆ ಮಳೆಗಾಲದಲ್ಲಿ ಮೋಡವಿಲ್ಲದ ದಿನ ಯಾವುದು? ಹುಡುಗಿಗೆ ಎರಡಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಹೀಗೇ ಆದರೆ ಶಾಲೆ ಬಿಟ್ಟಂತೆಯೇ ಎಂದು ಒಂದು ಸಂಜೆ ಛತ್ರಿ ಹಿಡಿದು ಅವರ ಮನೆಗೆ ಹೋದೆ.

ಮನೆಯಲ್ಲಿ ಇದ್ದದ್ದು ಅವಳ ಅಜ್ಜಿ, ಹುಚ್ಚಮ್ಮ. ಅಪ್ಪ ಆನವಟ್ಟಿಯ ಕಡೆ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದವನು ವಾರಕ್ಕೊಮ್ಮೆ ಬರುತ್ತಿದ್ದ. ಅಜ್ಜಿ ನನಗೆ ಮಣೆ ಹಾಕಿ, ನನ್ನ ಮಾತೆಲ್ಲ ಕೇಳಿ, ಕೊನೆಗೆ ಹೇಳಿದಳು: "ಕಳ್ಸಲ್ಲ ರೀ ಅಕ್ಕೋರೆ. ಬೈಬ್ಯಾಡ್ರಿ. ಇದ್ರವ್ವ ಎಲ್ಡು ವರ್ಷದ ಕೆಳಗೆ ಸ್ವಾತಿ ಮಳ್ಯಾಗೆ ಹುಲ್ಲು ಕೊಯ್ಯಾಕೆ ಹೋಗಿದ್ಲು. ಮಳಿ ಬಂತು ಅಂತ ಬದುವಿನ ಮರದ ಬುಡಕ್ಕೆ ನಿಂತ್ಲು. ಕೈಯಾಗೆ ಕುಡುಗೋಲು ಇತ್ತು. ಸಿಡ್ಲು ಕುಡುಗೋಲು ಹುಡಿಕ್ಕಂಡು ಬಂತು."

ಅಂದಿನಿಂದ ಗುಡುಗಿತೆಂದರೆ ಮುದುಕಿ ಮನೆಯಲ್ಲಿದ್ದ ಕುಡುಗೋಲು, ಕತ್ತಿ, ಹಾರೆ ಎಲ್ಲವನ್ನೂ ಬಾಚಿ ಅಂಗಳಕ್ಕೆ ಎಸೆಯುತ್ತಿದ್ದಳು. ಆ ಕಡೆ ಹಳಬರು ಗುಡುಗಿದಾಗ ಒಂದು ಕಬ್ಬಿಣ ಹೊರಗೆ ಎಸೆಯುವುದುಂಟು. ಇವಳ ಮನೆಯಲ್ಲಿ ಮಳೆ ನಿಂತ ಮೇಲೆ ಅಂಗಳ ಕಮ್ಮಾರನ ಅಂಗಳವಾಗುತ್ತಿತ್ತು.

ನಾನು ಪಾಠ ಶುರು ಮಾಡಿದೆ. ಅಜ್ಜಿ, ಈ ಜಡಿಮಳೆಯಲ್ಲಿ ಗುಡುಗು ಇರೋದಿಲ್ಲ, ಗುಡುಗಿನ ಮಳೆ ಬೇರೆ, ಈ ಮೋಡ ಬೇರೆ ಎಂದೆ. ಅವಳು ನಡುವೆಯೇ ತಡೆದಳು.

"ಗೊತ್ತೈತಿ ರೀ. ಇಷ್ಟು ವರ್ಷ ಗದ್ದಿ ಮಾಡೀನಿ, ಅಷ್ಟೂ ಗೊತ್ತಾಗಲ್ಲೇನು? ತಲಿಗೆ ಗೊತ್ತೈತಿ. ಈ ಹೊಟ್ಟಿಗೆ ಹೇಳೋರು ಯಾರು?"

ಅಯ್ಯೋ ದೇವರೇ, ಇದು ನನ್ನದೇ ಮಾತಲ್ಲವೇ! ನನಗೆ ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು. ಅದರ ಬದಲು ಬಾಯಿಂದ ಬಂದದ್ದು ಬೇರೆ: "ನನ್ನ ಪಕ್ಕಕ್ಕೇ ಕೂರಿಸಿಕೊಳ್ತೀನಿ ಅಜ್ಜಿ. ಗುಡುಗಿದ್ರೆ ಕೈ ಹಿಡ್ಕೊಂಡಿರ್ತೀನಿ. ನೀವು ಬಂದು ಕರ್ಕೊಂಡು ಹೋಗೋತನಕ ಸೂರಿನಿಂದ ಆಚೆ ಬಿಡಲ್ಲ." ಯಾವ ಧೈರ್ಯದ ಮೇಲೆ ಹೇಳಿದೆನೋ ನಾನರಿಯೆ. ಮುದುಕಿ ನನ್ನ ಛತ್ರಿ ಎತ್ತಿ ಕೈಗೆ ಕೊಟ್ಟಳು. "ನಿಮ್ಮ ಮ್ಯಾಲೆ ಬಿಟ್ಟೀನಿ" ಎಂದಳು.

ಹೀಗೆ ಪಾರಿ ನನ್ನ ಕುರ್ಚಿಯ ಪಕ್ಕಕ್ಕೆ ಬಂದಳು. ಕುರ್ಚಿಯ ಇನ್ನೊಂದು ಪಕ್ಕಕ್ಕೆ ಕಿಟಕಿ. ಶಾಲೆಯ ಗಂಟೆ ಬಾರಿಸುವ ಕಬ್ಬಿಣದ ಸಲಾಕೆ ಇರುತ್ತಿದ್ದದ್ದು ಆ ಕಿಟಕಿಯ ಕಟ್ಟೆಯ ಮೇಲೆ. ಹೊರಗಿಟ್ಟರೆ ಹುಡುಗರು ಅದನ್ನು ಮಾವಿನಕಾಯಿಗೆ ಬೀಸುತ್ತಿದ್ದರು, ಹಾಗಾಗಿ ಅದು ನನ್ನ ಕಾವಲಿನಲ್ಲಿ. ಪಾರಿ ಓದು ಹಿಡಿದಳು. ಬಾಯಿ ಕಡಿಮೆ, ಕಣ್ಣು ಜಾಸ್ತಿ. ನನ್ನನ್ನೇ ನೋಡುತ್ತ ಕೂರುತ್ತಿದ್ದಳು. ನಾನು ಮೋಡ ನೋಡಿದರೆ ಅವಳೂ ನೋಡುವಳು, ನಾನು ಉಗುಳು ನುಂಗಿದರೆ ಅವಳೂ ನುಂಗುವಳು.

ದಸರಾ ರಜೆ ಮುಗಿಯಿತು. ಮಧ್ಯಾಹ್ನದ ಮೇಲೆ ಮೋಡ ಏಳುವ ಕಾಲ ಬಂತು. ಬೆಳಗ್ಗೆ ಚುರುಚುರು ಬಿಸಿಲು, ಊಟದ ಹೊತ್ತಿಗೆ ಗಾಳಿ ನಿಂತು ಮೈ ಅಂಟಂಟು, ಆಮೇಲೆ ಮಲೆಯ ಕಡೆಯಿಂದ ಬೂದಿ ಬಣ್ಣದ್ದೊಂದು ತಲೆ ಎತ್ತುವುದು. ಗುಡುಗಿನ ರಟ್ಟು ಹೊರಗೆ ತೆಗೆದು ಪಾಠ ಮಾಡಿದೆ. ಮರದ ಬುಡಕ್ಕೆ ನಿಲ್ಲಬಾರದು. ಬಯಲಿನಲ್ಲಿ ನಿಲ್ಲಬಾರದು. ಸೂರಿನ ಕೆಳಗಿರಬೇಕು. ಕಬ್ಬಿಣ ಮುಟ್ಟಬಾರದು. ಪಾರಿ ಎದ್ದು ನಿಂತು, "ನಮ್ಮಜ್ಜಿ ಎಲ್ಲಾನೂ ಹೊರಗೆ ಎಸೀತಾಳ್ರಿ" ಎಂದಳು. ಹುಡುಗರು ನಕ್ಕರು. ನಾನು ಅವರನ್ನು ಗದರಿ, "ನೋಡು ಪಾರಿ, ಸಿಡಿಲಿಗೆ ಕಬ್ಬಿಣ ಅಂದ್ರೆ ಪ್ರೀತಿ. ಅದಕ್ಕೇ ಹತ್ತಿರ ಇರಬಾರದು" ಎಂದು ತಿಳಿಸಿ ಹೇಳಿದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು. ಅರ್ಥವಾಯಿತು ಎಂದುಕೊಂಡೆ.

ಸ್ವಾತಿ ಮಳೆ ಹಿಡಿದ ಒಂದು ದಿನ ಬಸಪ್ಪ ಮೇಷ್ಟ್ರು ಮೀಟಿಂಗಿಗೆಂದು ಸೊರಬಕ್ಕೆ ಹೋಗಿದ್ದರು. ಮಂತ್ರಿ ಬೆಳಗ್ಗೆ ಬಿಸಿಲಿನ ರಟ್ಟು ಹಾಕಿದ್ದ. ಊಟದ ಬಿಡುವು ಮುಗಿಯುವಷ್ಟರಲ್ಲಿ ನಾನೇ ಅದನ್ನು ತೆಗೆದೆ. ಅಷ್ಟು ಕರಿಯ ಮೋಡವನ್ನು ನಾನು ನೋಡಿರಲಿಲ್ಲ. ಗದ್ದೆಯ ಬಣ್ಣವೇ ಬದಲಾಗಿ, ತೆನೆ ಹಳದಿಗೆ ತಿರುಗುತ್ತಿದ್ದ ಭತ್ತ ಬೆಳ್ಳಗೆ ಕಂಡಿತು. ಹಕ್ಕಿಗಳ ಸದ್ದಿಲ್ಲ. ಆಚೆ ಕೋಣೆಯ ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಬಂದು ಎಲ್ಲರನ್ನೂ ಒಂದೇ ಕೋಣೆಯಲ್ಲಿ, ಗೋಡೆಯಿಂದ ದೂರ, ಗೋಣಿತಾಟಿನ ಮೇಲೆ ಕೂರಿಸಿದೆ. ಪಾರಿಯ ಕೈ ಹಿಡಿದು ಕುರ್ಚಿಯಲ್ಲಿ ಕೂತೆ. ಮಗ್ಗಿ ಹೇಳಿಸಲು ಹೊರಟೆ, ಎರಡೊಂದ್ಲಿ ಎರಡು ಎನ್ನುವಷ್ಟರಲ್ಲಿ ನನ್ನ ಧ್ವನಿಯೇ ಹೂತುಹೋಯಿತು.

ಮೊದಲ ಗುಡುಗು ಹಂಚನ್ನು ನಡುಗಿಸಿತು. ಚಿಕ್ಕವು ಒಟ್ಟಿಗೆ ಕಿರುಚಿದವು. ಬೆನ್ನಿಗೇ ಗಾಳಿ, ಗಾಳಿಯ ಬೆನ್ನಿಗೆ ಮಳೆ. ಕಿಟಕಿಯ ಬಾಗಿಲು ಕಿತ್ತುಹೋಗುವಂತೆ ಬಡಿದುಕೊಂಡಿತು. ಒಂದು ಕೈಯಲ್ಲಿ ಎಳೆದೆ, ಬರಲಿಲ್ಲ. ಪಾರಿಯ ಕೈ ಬಿಟ್ಟು ಎರಡೂ ಕೈಯಿಂದ ಎಳೆದೆ. ಬಾಗಿಲು ತಾಗಿ ಕಟ್ಟೆಯ ಮೇಲಿದ್ದ ಸಲಾಕೆ ಠಣ್ಣೆಂದು ನನ್ನ ಕಾಲ ಬಳಿಯೇ ಬಿತ್ತು. ಅಗುಳಿ ಸಿಕ್ಕಿಸಿ ತಿರುಗಿದೆ. ಸಲಾಕೆ ಇಲ್ಲ. ಪಾರಿ ಇಲ್ಲ. ಮುಂಬಾಗಿಲು ಹಾರುಹೊಡೆದಿತ್ತು.

"ಅಕ್ಕೋರೆ, ಪಾರಿ ಸಲಾಕಿ ತಗಂಡು ಓಡಿದ್ಲು!"

ಬಾಗಿಲಿಗೆ ಓಡಿದೆ. ಮಳೆಯ ತೆರೆಯಲ್ಲಿ ಬಯಲಿನ ನಡುವೆ ಅವಳ ನೀಲಿ ಲಂಗ. ಕಬ್ಬಿಣವನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಓಡುತ್ತಿದ್ದಾಳೆ. ಕೂಗಿದೆ, ನನ್ನ ಕೂಗು ನನಗೇ ಕೇಳಲಿಲ್ಲ. ಆಕಾಶ ಬಿರಿದಂತೆ ಮಿಂಚಿತು. ಹುಡುಗಿ ಗಕ್ಕನೆ ನಿಂತಳು, ದಿಕ್ಕು ತಪ್ಪಿದವಳಂತೆ ಆ ಕಡೆ ಈ ಕಡೆ ನೋಡಿದಳು, ನೇರ ಮಾವಿನಮರದ ಬುಡಕ್ಕೆ ಹೋಗಿ ಕಾಂಡಕ್ಕೆ ಆತು ನಿಂತಳು. ಕೈಯಲ್ಲಿ ಸಲಾಕೆ ಹಾಗೇ ಇದೆ.

ನನ್ನ ಕಾಲು ಹೊಸ್ತಿಲು ದಾಟಲಿಲ್ಲ. ನಿಜ ಹೇಳುತ್ತೇನೆ, ದಾಟಲಿಲ್ಲ. ಹೆದರಿಕೆ ಎಂದರೆ ಬರೀ ಮನಸ್ಸಿನಲ್ಲಿರುತ್ತದೆಂದು ಹೇಳುವವರಿಗೆ ಆ ಹೊಸ್ತಿಲಿನಲ್ಲಿ ನಿಂತು ನೋಡಿ ಎನ್ನುತ್ತೇನೆ. ತಲೆಯಲ್ಲಿ ಒಂದೇ ಮಾತು: ಮರದ ಬುಡ, ಕೈಯಲ್ಲಿ ಕಬ್ಬಿಣ, ಸ್ವಾತಿ ಮಳೆ. ಅವಳವ್ವ ನಿಂತಿದ್ದ ಹಾಗೆಯೇ ನಿಂತಿದ್ದಾಳೆ. ಈಗ ಬೀಳುತ್ತದೆ. ಈಗ ಬೀಳುತ್ತದೆ. ನಾಲ್ಕನೇ ಕ್ಲಾಸಿನ ಸುಶೀಲೆಗೆ "ಯಾರನ್ನೂ ಬಿಡಬ್ಯಾಡ, ಬಾಗಿಲು ಹಾಕು" ಎಂದದ್ದು ನೆನಪಿದೆ. ಆಮೇಲೆ ಕೆಸರು ನೆನಪಿದೆ, ಕಾಲಿಗೆ ಸುತ್ತಿಕೊಳ್ಳುತ್ತಿದ್ದ ಸೀರೆ ನೆನಪಿದೆ. ಚಪ್ಪಲಿ ಎಲ್ಲಿ ಹೋಯಿತೋ.

"ಎಸಿ! ಪಾರೀ, ಎಸಿ ಅದನ್ನ!"

ಅವಳು ಅಲ್ಲಿಂದಲೇ ಕೂಗಿದಳು, ಅಳುತ್ತ: "ಇಷ್ಟು ದೂರ ಸಾಕಾ ಅಕ್ಕೋರೆ?"

ಏನು ಕೇಳುತ್ತಿದ್ದಾಳೆ ಈ ಹುಡುಗಿ? ತಲೆಗೆ ಹೋಗಲಿಲ್ಲ. ಹತ್ತಿರ ಹೋಗಿ ಸಲಾಕೆಯನ್ನು ಕಿತ್ತು ಬೀಸಿ ಒಗೆದೆ. ಅವಳನ್ನು ಕಂಕುಳಿಗೆ ಹಾಕಿಕೊಂಡು ತಿರುಗಿ ಓಡಿದೆ. ಅರ್ಧ ಬಯಲು ದಾಟಿರಬೇಕು, ಲೋಕವೆಲ್ಲ ಬೆಳ್ಳಗಾಯಿತು. ಸದ್ದು ಕೇಳಿಸಿದ್ದಲ್ಲ, ಹೊಡೆದದ್ದು. ಇಬ್ಬರೂ ಮುಖ ಅಡಿಯಾಗಿ ಬಿದ್ದೆವು. ಮುಗಿಯಿತು ಎಂದುಕೊಂಡೆ. ಕಿವಿಯಲ್ಲಿ ಕುಂಯ್ ಎನ್ನುವುದೊಂದು ಬಿಟ್ಟು ಏನೂ ಇಲ್ಲ. ನನ್ನ ಕೆಳಗೆ ಅವಳ ಬೆನ್ನು ಏರಿ ಇಳಿಯುತ್ತಿತ್ತು. ಉಸಿರಾಡುತ್ತಿದ್ದಾಳೆ! ಏಳಲು ಧೈರ್ಯ ಸಾಲದೆ ಅಂಬೆಗಾಲಿನಲ್ಲಿ ಅವಳನ್ನು ಎಳೆದುಕೊಂಡೇ ಶಾಲೆಯ ಜಗಲಿ ಮುಟ್ಟಿದೆ.

ಸಿಡಿಲು ಬಿದ್ದದ್ದು ಕೆರೆಯ ಏರಿಯ ಆಚೆಗಿನ ತೆಂಗಿನ ಮರಕ್ಕೆಂದು ಆಮೇಲೆ ತಿಳಿಯಿತು. ಮಾವಿನಮರಕ್ಕೆ ಏನೂ ಆಗಿರಲಿಲ್ಲ. ಆ ಹೊತ್ತಿಗೆ ಅದೆಲ್ಲ ಯಾರಿಗೆ ಬೇಕಿತ್ತು?

ಒಳಗೆ ಮಕ್ಕಳು ನಮ್ಮನ್ನು ಮುತ್ತಿಕೊಂಡರು. ಸುಶೀಲೆ ತಾವು ಕೂತಿದ್ದ ಗೋಣಿತಾಟುಗಳನ್ನೇ ತಂದು ನಮ್ಮಿಬ್ಬರಿಗೂ ಹೊದಿಸಿದಳು. ಮೈಯ ನೀರೆಲ್ಲ ಅದಕ್ಕೆ ಇಳಿದು, ಆ ಒದ್ದೆ ಗೋಣಿಯ ಕಮಟು ವಾಸನೆಯಲ್ಲಿ ಪಾರಿಯನ್ನು ತಬ್ಬಿಕೊಂಡು ಕೂತೆ. ಬೈಯಬೇಕೆಂದರೆ ಹಲ್ಲು ಕಟಕಟ ಎನ್ನುತ್ತಿತ್ತು.

ಮಳೆ ಸ್ವಲ್ಪ ಇಳಿದಾಗ ಹುಚ್ಚಮ್ಮ ಬಂದಳು. ತಲೆಯಿಂದ ಬೆನ್ನಿಗೆ ಇಳಿಬಿದ್ದ ಕಂಬಳಿಕೊಪ್ಪೆ, ಮೊಣಕಾಲವರೆಗೆ ಕೆಸರು. ದಿಬ್ಬ ಹತ್ತಿ ಏದುಸಿರು ಬಿಡುತ್ತಿದ್ದವಳು ನಮ್ಮ ಅವತಾರ ನೋಡಿ ಬಾಗಿಲಲ್ಲೇ ನಿಂತಳು. ಸಿಡಿಲಿಗಿಂತ ಹೆಚ್ಚು ಹೆದರಿದ್ದು ನಾನು ಆಗ. ನಿಮ್ಮ ಮೇಲೆ ಬಿಟ್ಟೀನಿ ಎಂದವಳಿಗೆ ಏನು ಹೇಳಲಿ? ನಾಳೆಯಿಂದ ಈ ಹುಡುಗಿಯ ಶಾಲೆ ಮುಗಿಯಿತು ಎಂದುಕೊಂಡೆ. ಮುಚ್ಚಿಡಲು ಮನಸ್ಸು ಬರಲಿಲ್ಲ.

"ಅಜ್ಜಿ, ಹೊರಗೆ ಹೋಗಿದ್ಲು. ಸಲಾಕೆ ಹಿಡ್ಕೊಂಡು. ಮರದ ಬುಡಕ್ಕೆ..."

ಮುದುಕಿ ಪಕ್ಕದಲ್ಲಿ ಕುಸಿದು ಕೂತು ಹುಡುಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ಯಾಕವ್ವ? ಯಾಕೆ ಹೋದಿ?"

ಪಾರಿ ಅಳಲಿಲ್ಲ. ಪಾಠ ಒಪ್ಪಿಸುವವಳ ಹಾಗೆ ಹೇಳಿದಳು: "ಸಲಾಕಿ ಅಕ್ಕೋರ ಕಾಲ ಹತ್ರಾನೇ ಬಿತ್ತು. ಸಿಡ್ಲು ಅದನ್ನ ಹುಡಿಕ್ಕಂಡು ಬರ್ತತಿ. ನೀನೂ ಹಂಗೇ ಹೇಳ್ತಿ, ಅಕ್ಕೋರೂ ಹಂಗೇ ಹೇಳಿದ್ರು. ಅಕ್ಕೋರ ಕೈ ನಡುಗ್ತಿತ್ತು ಅಜ್ಜಿ. ಅವ್ವನ ಕುಡುಗೋಲು ಯಾರೂ ತಗಂಡು ದೂರ ಎಸೀಲಿಲ್ಲ. ಅದಕ್ಕೆ ನಾನು ತಗಂಡು ಹೋದೆ."

ಅಜ್ಜಿ ಹೇಳಿದ್ದೂ ಅಕ್ಕೋರು ಹೇಳಿದ್ದೂ ಆ ಪುಟ್ಟ ತಲೆಯಲ್ಲಿ ಒಂದೇ ಪಾಠವಾಗಿತ್ತು. ಅವಳು ತಪ್ಪು ತಿಳಿದಿರಲಿಲ್ಲ. ಸರಿಯಾಗಿ ತಿಳಿದೇ ಹೋಗಿದ್ದಳು, ನನ್ನ ಜೀವ ಉಳಿಸಲು. ನಾನು ಮಕ್ಕಳೆಲ್ಲರ ಎದುರಿಗೆ ಗೊಳೋ ಎಂದು ಅತ್ತುಬಿಟ್ಟೆ.

ಹುಚ್ಚಮ್ಮ ಸೆರಗಿನಿಂದ ಹುಡುಗಿಯ ತಲೆ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಗುಡುಗಿಗೆ ಹೆದರ್ತೀರೇನ್ರೀ?" ಎಂದು ಕೇಳಿದಳು.

"ಹೂಂ ಅಜ್ಜಿ. ಭಾಳ."

"ಹೆದರಿಕ್ಯಂಡೂ ಮರದತನಕ ಓಡಿದ್ರಾ?"

ನಾನು ತಲೆಯಾಡಿಸಿದೆ. ಮುದುಕಿ ಎದ್ದು ಕೊಪ್ಪೆ ಕೊಡವಿ, ಪಾರಿಯನ್ನು ಅದರೊಳಗೆ ಸೇರಿಸಿಕೊಂಡು, ದಿಬ್ಬ ಇಳಿದಳು. ನಾಳೆ ಹುಡುಗಿಯನ್ನು ಕಳಿಸುತ್ತಾಳೋ ಇಲ್ಲವೋ ತಿಳಿಯದೆ ಆ ರಾತ್ರಿಯಿಡೀ ಹೊರಳಾಡಿದೆ.

ಮರುದಿನ ಬೆಳಗ್ಗೆಯೇ ಮೋಡ ಕಟ್ಟಿತ್ತು. ಶಾಲೆಯ ಜಗಲಿಯಲ್ಲಿ ನಿಂತು ಊರಿನ ದಾರಿಯನ್ನೇ ನೋಡುತ್ತಿದ್ದೆ. ಒಬ್ಬೊಬ್ಬರಾಗಿ ಮಕ್ಕಳು ಬಂದರು, ಪಾರಿ ಇಲ್ಲ. ಪ್ರಾರ್ಥನೆಯ ಹೊತ್ತಾಯಿತು, ಇಲ್ಲ. ಇನ್ನು ಕಾಯುವುದು ವ್ಯರ್ಥ ಎಂದು ಒಳಗೆ ತಿರುಗುತ್ತಿದ್ದೆ, ದೂರದಲ್ಲಿ ಮಲೆಯ ಕಡೆ ಗುಡುಗಿತು. ಅದೇ ಹೊತ್ತಿಗೆ ದಿಬ್ಬದ ತಿರುವಿನಲ್ಲಿ ಅಜ್ಜಿ, ಮೊಮ್ಮಗಳು ಕಂಡರು. ಗುಡುಗು ಕೇಳಿ ಮುದುಕಿ ನಿಂತಳು. ಮೋಡ ನೋಡಿದಳು. ಇನ್ನು ಹಿಂದಕ್ಕೆ ಕರೆದುಕೊಂಡು ಹೋಗುತ್ತಾಳೆ ಎಂದುಕೊಂಡೆ.

ಅವಳು ಸರಸರ ನಡೆದು ಬಂದು ಪಾರಿಯ ಕೈಯನ್ನು ನನ್ನ ಕೈಯೊಳಗೆ ಇಟ್ಟಳು.

"ಹೆದರದೋರ ಹತ್ರ ಬಿಡಾಕೆ ನನಗೆ ಹೆದರಿಕಿ ರೀ ಅಕ್ಕೋರೆ" ಎಂದಳು. "ನಿಮ್ಮ ಹತ್ರ ಇಲ್ಲ."

ಮತ್ತೊಮ್ಮೆ ಗುಡುಗಿತು. ಹುಚ್ಚಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಯ ದಾರಿ ಹಿಡಿದಳು, ತಿರುಗಿ ನೋಡಲಿಲ್ಲ.